ಕಾಜ ಚಿಕ್ಕಮ್ಮನ ಕಿಟಕಿ

ಕಟಿಂಗ್ ಮಾಸ್ಟರ್ ಭಾವ ತನ್ನ ಜನ್ಮದಲ್ಲಿ 'ಬಿಟ್ಟೆ' ಅಂದವನಲ್ಲ. ಇಸ್ಪೀಟಿನಲ್ಲಿ ಅಂದಿಲ್ಲ, ಅಂಗಡಿಯಲ್ಲಿ ಅಂದಿಲ್ಲ, ಮನೆಯಲ್ಲಂತೂ ಕೇಳಲೇಬೇಡಿ. ಅವನ ನಾದಿನಿ ಕಾಜ ಚಿಕ್ಕಮ್ಮನಾದರೋ ಆ ಒಂದು ಮಾತು ಹೇಳಿಕೊಂಡೇ ಐವತ್ತು ದಾಟಿದವಳು. ಇಂಥ ಇಬ್ಬರನ್ನು ಒಂದೇ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕದಲ್ಲಿ ಕೂರಿಸಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಅದು ಕೋಟು, ಪ್ಯಾಂಟು ಹೊಲಿಯುವ ಅಂಗಡಿ. ಬಾಡಿಗೆ ಚೀಟಿಯಲ್ಲಿ ಹೆಸರು ಭಾವನದು, ನಡೆಸುವವಳು ಅವನ ಹೆಂಡತಿ, ಚಿಕ್ಕಮ್ಮನ ಒಡಹುಟ್ಟಿದ ಅಕ್ಕ. ಭಾವ ಬಟ್ಟೆ ಕತ್ತರಿಸುತ್ತಾನೆ, ಅಕ್ಕ ಮಿಷನ್ ಮೇಲೆ ಹೊಲಿಯುತ್ತಾಳೆ, ಚಿಕ್ಕಮ್ಮ ಕಾಜ ಹಾಕುತ್ತಾಳೆ. ಕಾಜ ಅಂದರೆ ಗುಂಡಿ ತೂರಿಸುವ ತೂತು. ಅಯ್ಯೋ, ತೂತು ಮಾಡೋದು ಯಾವ ದೊಡ್ಡ ಕೆಲಸ ಅನ್ನಬೇಡಿ. ಬಟ್ಟೆಯನ್ನು ಸೀಳಬೇಕು, ಸೀಳಿದ ಅಂಚು ಬಿಚ್ಚಿಕೊಳ್ಳದಂತೆ ಸುತ್ತ ದಾರದ ಗಂಟು ಕೂರಿಸಿಕೊಂಡು ಬರಬೇಕು, ಒಂದರ ಪಕ್ಕ ಒಂದು, ಒತ್ತೊತ್ತಾಗಿ. ಒಂದು ಗಂಟು ಜಾರಿದರೆ ಕೋಟು ತೊಟ್ಟವನ ಹೊಟ್ಟೆಯ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಬಿಳಿ ಬಟ್ಟೆಯಾದರೆ ಹೇಗೋ ಆದೀತು. ಕಪ್ಪು ಕೋಟಿಗೆ ಕಪ್ಪು ದಾರದಲ್ಲಿ ಕಾಜ ಹಾಕಬೇಕಾದರೆ ಹಗಲಿನ ಬೆಳಕೇ ಬೇಕು. ಅದಕ್ಕೇ ಅಂಗಡಿಗಿದ್ದ ಒಂದೇ ಒಂದು ಕಿಟಕಿಯ ಕೆಳಗೆ ಚಿಕ್ಕಮ್ಮನ ಪುಟ್ಟ ಸ್ಟೂಲು. ಅಕ್ಕನ ಮಕ್ಕಳು ಚಿಕ್ಕವರಿದ್ದಾಗ ಚಿಕ್ಕಮ್ಮ ಚಿಕ್ಕಮ್ಮ ಎಂದು ಕೂಗುತ್ತಿದ್ದವು, ಗಿರಾಕಿಗಳು ಅದರ ಮುಂದೆ ಕಾಜ ಸೇರಿಸಿದರು, ಹೆಸರು ನಿಂತಿತು.

ಆಕೆ ಬಿಟ್ಟುಕೊಟ್ಟದ್ದನ್ನೆಲ್ಲ ಹೇಳಲು ಹೊರಟರೆ ಸಂಜೆಯಾಗುತ್ತದೆ. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿ ಸೀಟನ್ನು ಅಳುವ ತಮ್ಮನಿಗೆ ಬಿಟ್ಟಳು. ದೊಡ್ಡವಳಾದ ಮೇಲೆ ಹೊಸ ಬಟ್ಟೆಯನ್ನು ಅಕ್ಕನಿಗೆ ಬಿಟ್ಟಳು. ಮದುವೆಯಾದ ಗಂಡ ಲಾರಿ ಓಡಿಸುತ್ತಿದ್ದ. ಒಂದು ಸಲ ಲೋಡ್ ತುಂಬಿಕೊಂಡು ಹೋದವನು ಬೇರೆ ಊರಿನಲ್ಲಿ ಬೇರೆ ಸಂಸಾರದೊಳಗೆ ಇಳಿದುಕೊಂಡ. ಹೋಗಿ ಜಗಳ ಆಡು, ಎಳಕೊಂಡು ಬಾ ಅಂತ ಬೀದಿಯವರೆಲ್ಲ ಬುದ್ಧಿ ಹೇಳಿದರು. ಚಿಕ್ಕಮ್ಮ "ಹೋಗ್ಲಿ ಬಿಡಿ" ಅಂದಳು, ಸೂಜಿ ಡಬ್ಬಿ ತೆಗೆದುಕೊಂಡು ಅಕ್ಕನ ಅಂಗಡಿಗೆ ಬಂದಳು. ಆ ಗಂಡನನ್ನು ಬಿಟ್ಟದ್ದು ಒಳ್ಳೆಯದೇ ಆಯಿತೆನ್ನಿ. ಆದರೆ ಬಿಡುವುದು ಒಮ್ಮೆ ಅಭ್ಯಾಸವಾದರೆ ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲವಲ್ಲ.

ಭಾವ ಕೆಟ್ಟವನೇನಲ್ಲ. ಆದರೆ ದನಿ! ಅವನು ಒಮ್ಮೆಲೇ ಕೂಗುವವನಲ್ಲ. ನೀವು ಒಂದು ಮಾತು ಆಡಿದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಂತು ಉತ್ತರ ಕೊಡುತ್ತಾನೆ. ನೀವು ಮತ್ತೆ ಬಾಯಿ ತೆರೆದರೆ ಇನ್ನೊಂದು ಮೆಟ್ಟಿಲು. ಕೊನೆಗೆ ಎದುರಿನವರಿಗೇ ಗಂಟಲು ಒಣಗಿ, "ಆಯ್ತು ಮಾರಾಯ, ನಿನ್ನಿಷ್ಟ" ಅನ್ನಬೇಕು. ಹೀಗೆ ಮಾಡಿ ಮಾಡಿಯೇ ಅಂಗಡಿಯ ಫ್ಯಾನು ಅವನ ತಲೆಯ ಮೇಲೆ ಬಂದಿತ್ತು. ರೇಡಿಯೋ ಅವನ ಕೈಯಳತೆಯಲ್ಲಿತ್ತು. ಕಾಲು ಅಲ್ಲಾಡದ ಒಂದೇ ಕುರ್ಚಿ ಅವನ ಕೆಳಗಿತ್ತು.

ಇನ್ನು ಆಟದ ವಿಷಯ. ಪಕ್ಕದ ಮಳಿಗೆಯ ಇಸ್ತ್ರಿ ಮಾಮ ವಯಸ್ಸಿನಲ್ಲಿ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿಂದ ಅವನು ತಂದದ್ದು ಎರಡೇ: ಸೊಂಟನೋವು ಮತ್ತು ಪೋಕರ್. ಸೊಂಟನೋವನ್ನು ತಾನೇ ಇಟ್ಟುಕೊಂಡು ಪೋಕರ್ ಅನ್ನು ಈ ಮನೆಯವರಿಗೆ ಹಂಚಿದ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಆಟ. ಆಳಿಗೆ ಎರಡು ಎಲೆ, ಬೇರೆ ಯಾರಿಗೂ ಕಾಣದಂತೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಆಮೇಲೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಂಡವನು ಗೆದ್ದ. ಕೈಗೆ ಎಲೆ ಬಂದಾಗ ಒಮ್ಮೆ, ಆಮೇಲೆ ಪ್ರತಿ ಸಲ ಎಲೆ ತೆರೆದಾಗಲೂ ಪಣ ಕಟ್ಟಬಹುದು. ಪಣ ಏನು ಅಂದಿರಾ? ಗುಂಡಿ! ದರ್ಜಿ ಅಂಗಡಿಯಲ್ಲಿ ಅದಕ್ಕೇನು ಬರ. ಮೊದಲ ಎರಡು ಸುತ್ತಿನಲ್ಲಿ ಶರ್ಟಿನ ಗುಂಡಿ, ಕೊನೆಯ ಎರಡು ಸುತ್ತಿನಲ್ಲಿ ಕೋಟಿನ ಗುಂಡಿ. ಒಂದು ಕೋಟಿನ ಗುಂಡಿಗೆ ಎರಡು ಶರ್ಟಿನ ಗುಂಡಿ ಬೆಲೆ.

ಇದು ಲಿಮಿಟ್ ಆಟ. ಅಂದರೆ ಒಂದು ಸಲಕ್ಕೆ ಒಂದೇ ಗುಂಡಿ ಹಾಕಬೇಕು; ರೋಷ ಬಂತು ಅಂತ ಡಬ್ಬಿಯನ್ನೇ ಸುರಿಯುವ ಹಾಗಿಲ್ಲ. ಒಬ್ಬ ಹಾಕಿದ್ದರ ಮೇಲೆ ಇನ್ನೊಬ್ಬ ಏರಿಸಬಹುದು, ಅದರ ಮೇಲೆ ಮತ್ತೊಬ್ಬ. ಹೀಗೆ ಒಂದು ಸುತ್ತಿನಲ್ಲಿ ನಾಲ್ಕಾದರೆ ಮುಗಿಯಿತು, ಮುಂದಿನ ಎಲೆ. ಪಣ ಕಟ್ಟದಿದ್ದರೆ 'ಸುಮ್ಮನೆ' ಅನ್ನಬೇಕು. ಎದುರಿನವನ ಗುಂಡಿಗೆ ಸಮನಾಗಿ ಹಾಕಿದರೆ 'ಸರಿ'. ಎಲೆ ಎಸೆದು ಎದ್ದರೆ 'ಬಿಟ್ಟೆ'.

ಭಾವ ಆಡುವ ರೀತಿ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಕೈಯಲ್ಲಿ ರಾಜ ಇರಲಿ, ರದ್ದಿ ಇರಲಿ, "ಹಾಕಿದೆ!" ಅಂತ ಮೇಜು ಗುದ್ದುತ್ತಿದ್ದ. ಚಿಕ್ಕಮ್ಮ ಬೆಚ್ಚಿಬಿದ್ದು "ಬಿಟ್ಟೆ ಭಾವ" ಅನ್ನುತ್ತಿದ್ದಳು. ಒಂದು ಜೋಡಿ ಇದ್ದಾಗಲೂ ಬಿಟ್ಟಳು, ಎರಡು ಜೋಡಿ ಇದ್ದಾಗಲೂ ಬಿಟ್ಟಳು. ಅವಳ ಎದುರಿನ ಗುಂಡಿಗಳು ಮಾಯವಾಗುವುದನ್ನು ನೋಡಿ ಭಾವ ಅವಳಿಗೆ 'ಧರ್ಮಛತ್ರ' ಅಂತ ಅಡ್ಡಹೆಸರಿಟ್ಟ. ಅಪರೂಪಕ್ಕೆ ಇಸ್ತ್ರಿ ಮಾಮ ಬಿಡದೆ ಕೂತು ಭಾವನ ಎಲೆ ತೆರೆಸಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. "ಸುಮ್ನೆ ಹೆದರಿಸಿದ್ದೆ ಕಣಯ್ಯಾ!" ಅಂತ ಭಾವ ಹೊಟ್ಟೆ ಕುಣಿಸಿ ನಗುತ್ತಿದ್ದ. ಎಲೆ ಹಂಚುವುದು ಅಕ್ಕನ ಕೆಲಸ. ಈ ವರ್ಷ ಅವಳಿಗೆ ಹೊಸದೊಂದು ಚಾಳಿ ಹತ್ತಿಕೊಂಡಿತ್ತು: ನಡುವಿನ ಎಲೆ ತೆರೆಯುವಾಗ ಪ್ರತಿಯೊಂದನ್ನೂ ಗಟ್ಟಿಯಾಗಿ ಕೂಗಿ ಹೇಳುವುದು. ವಯಸ್ಸಾಯಿತು, ಬಾಯಿ ಸುಮ್ಮನಿರುವುದಿಲ್ಲ ಅಂದುಕೊಂಡು ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಚಿಕ್ಕಮ್ಮ ಅಂಗಡಿಗೆ ಬಂದು ನೋಡುತ್ತಾಳೆ, ಭಾವ ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದಾನೆ! ಕಿಟಕಿಗೇನು ಕೋಟು ಹೊಲಿಸುತ್ತಾರಾ?

"ಇನ್ಮೇಲೆ ನನ್ ಮೇಜು ಇಲ್ಲಿಗೆ ಬರುತ್ತೆ," ಅಂದ ಭಾವ. "ನಿನ್ ಸ್ಟೂಲು ಆ ಗೋಡೆ ಹತ್ರ ಹಾಕ್ಕೋ. ಟ್ಯೂಬ್‌ಲೈಟ್ ಇದೆಯಲ್ಲ."

ಆ ಟ್ಯೂಬ್‌ಲೈಟು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಮಿಣಮಿಣ ಅನ್ನುತ್ತ ಕೂತಿತು. ಅದರ ಕೆಳಗೆ ಕಪ್ಪು ದಾರ, ಕಪ್ಪು ಬಟ್ಟೆ!

"ಅಲ್ಲಿ ಕಾಜ ಹಾಕೋಕಾಗಲ್ಲ ಭಾವ," ಎಂದಳು ಸಣ್ಣಗೆ.

"ಆಗ್ದೇ ಇದ್ರೆ ಬಿಡು!" ಭಾವ ಒಂದು ಮೆಟ್ಟಿಲು ಏರಿದ. "ಈಗೆಲ್ಲ ಗಿರಾಕಿಗಳು ಮಿಷನ್ ಕಾಜಾನೇ ಕೇಳ್ತಿದ್ದಾರೆ. ಹಿಂದಿನ ಬೀದಿಯಲ್ಲಿ ಮಿಷನ್ ಇಟ್ಟವನ ಹತ್ರ ಮಾತಾಡಿ ಆಗಿದೆ. ಕೋಟೆಲ್ಲ ಅಲ್ಲಿಗೇ ಕಳಿಸ್ತೀನಿ!"

ಹಾಗಾದರೆ ಚಿಕ್ಕಮ್ಮ ಏನು ಮಾಡಬೇಕು? ಅಂಗಡಿ ಗುಡಿಸಿಕೊಂಡು ಇರಬೇಕೇ? ಅವಳಿಗೆ ಬರುತ್ತಿದ್ದದ್ದು ಅದೊಂದು ಕೆಲಸ. ಅದರಲ್ಲಿ ಮಾತ್ರ ಅವಳನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ. ಆ ಕಿಟಕಿ ಹೋದರೆ ಅವಳು ಈ ಮನೆಯಲ್ಲಿ ಅನ್ನಕ್ಕೆ ಬಿದ್ದಿರುವ ನಾದಿನಿಯಾಗುತ್ತಾಳೆ. ಅದನ್ನು ನೆನೆದು ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಅವಳಿಗೆ ಹೊಸದಾಗಿದ್ದರಿಂದ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಕೊಡಲ್ಲ ಭಾವ," ಅಂದುಬಿಟ್ಟಳು.

ಭಾವ ಕೈಯಲ್ಲಿದ್ದ ಟೇಪನ್ನು ಸ್ಟೂಲಿನ ಮೇಲೆ ಒಗೆದ. ಆಮೇಲೆ ಶುರುವಾಯಿತು ನೋಡಿ. ಅವನು ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಿದ. ಇಸ್ತ್ರಿ ಮಾಮ ಬಿಸಿ ಪೆಟ್ಟಿಗೆಯನ್ನು ಅಂಗಿಯ ಮೇಲೆ ಮರೆತು ಓಡಿ ಬಂದ. ಅಕ್ಕ ಮಿಷನ್ ನಿಲ್ಲಿಸಿ, ಕತ್ತರಿಯನ್ನು ಮೇಜಿನ ಮೇಲೆ ಠಣ್ ಎಂದು ಕುಕ್ಕಿದಳು.

"ಬಾಯ್ಮುಚ್ಚಿ ಇಬ್ರೂ! ನಿಮ್ ಪಂಚಾಯ್ತಿ ಮಾಡಿ ಮಾಡಿ ನಂಗೆ ಸಾಕಾಗಿದೆ. ಭಾನುವಾರ ಕೂತು ಆಡಿ. ಇಬ್ರಿಗೂ ಸಮ ಗುಂಡಿ ಕೊಡ್ತೀನಿ. ಶಟರ್ ತೆಗೆಯೋ ಹೊತ್ತಿಗೆ ಯಾರ ಹತ್ರ ಜಾಸ್ತಿ ಇರುತ್ತೋ ಅವರಿಗೆ ಕಿಟಕಿ. ಗೆದ್ದವರ ಮಾತೇ ಕೊನೆ. ಆಮೇಲೆ ಯಾರೂ ಕಮಕ್ ಕಿಮಕ್ ಅನ್ನೋ ಹಾಗಿಲ್ಲ."

ಭಾವನ ಮುಖ ಅರಳಿತು. ಧರ್ಮಛತ್ರದ ಜೊತೆ ಆಟ! "ಈಗ್ಲೇ ಬರ್ಕೊಡ್ತೀನಿ, ಒಪ್ಪಿದೆ!" ಎಂದವನು ಆಗಲೇ ಕಿಟಕಿಯ ಸರಳು ತಟ್ಟಿ ನೋಡಿದ.

ಅಂದು ಸಂಜೆ ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಚಹಾ ಲೋಟ ತೊಳೆಯುವಾಗ ಚಿಕ್ಕಮ್ಮ ಅಕ್ಕನ ಮೇಲೆ ಹರಿಹಾಯ್ದಳು. "ನನ್ನ ಕತ್ತು ಕುಯ್ದುಬಿಟ್ಟೆಯಲ್ಲೇ ಅಕ್ಕ! ಅವರ ಜೊತೆ ಆಡಿ ನಾನ್ಯಾವತ್ತು ಗೆದ್ದಿದ್ದೀನಿ?"

"ಯಾವತ್ತು ಆಡಿದ್ದೀಯ, ಗೆಲ್ಲೋಕೆ?" ಅಂದಳು ಅಕ್ಕ, ಲೋಟ ಬೋರಲು ಹಾಕುತ್ತ. "ನೋಡಿಲ್ಲಿ. ಅವರು ಹಾಕಿದೆ ಅಂದಾಗೆಲ್ಲ ಕೈಯಲ್ಲಿ ಏನೋ ಇದೆ ಅಂತ ಅಂದ್ಕೋತೀಯಲ್ಲ, ಪ್ರತಿ ಸಲ ಒಳ್ಳೆ ಎಲೆ ಬರೋಕೆ ಅವರೇನು ಎಲೇನ ಹೊಲ್ಕೊಂಡ್ ಬರ್ತಾರಾ?"

"ಮತ್ತೆ ಅಷ್ಟು ಜೋರಾಗಿ..."

"ಜೋರಾಗಿ ಕೂಗಿದ್ರೆ ಗುಂಡಿ ಎರಡಾಗುತ್ತಾ? ಅವರು ಮನೆ ಹಾರಿಹೋಗೋ ಹಾಗೆ ಕೂಗ್ಲಿ, ಕೇಳೋದು ಒಂದೇ ಗುಂಡಿ. ಮಧ್ಯದಲ್ಲಿ ಅಷ್ಟು ದೊಡ್ಡ ಗುಡ್ಡೆ ಬಿದ್ದಿರುತ್ತೆ. ಇನ್ನೊಂದು ಗುಂಡಿ ಕೊಟ್ಟು ನೋಡೇಬಿಡೋಕೆ ನಿನಗೇನು ಬಂದಿರೋದು? ಏನೇನೂ ಇಲ್ದಾಗ ಬಿಡು, ಬೇಡ ಅನ್ನಲ್ಲ. ಒಂದು ಜೋಡಿ ಸಿಕ್ತಾ, ಕೂತ್ಕೋ. ತೋರಿಸೋ ತನಕ ಏಳಬೇಡ."

"ನಿಜವಾಗ್ಲೂ ಇದ್ರೆ?"

"ಇದ್ರೆ ಸೋಲ್ತೀಯ. ಸೋತ್ರೆ ಸೋತೆ. ಸಲ ಸಲಾನೂ ಇರಲ್ಲ." ಅಕ್ಕ ದನಿ ತಗ್ಗಿಸಿದಳು. "ಇನ್ನೊಂದು. ನಿನಗೇ ಭಾರಿ ಎಲೆ ಬಂದ್ರೆ ಕುಣೀಬೇಡ. 'ಸುಮ್ಮನೆ' ಅನ್ನು. ಅವರಿಗೆ ಸುಮ್ಮನಿರೋಕೆ ಹುಟ್ಟಿದಾಗಿಂದ ಬಂದಿಲ್ಲ. ತಾವಾಗೇ ಹಾಕ್ತಾರೆ. ಹಾಕಿದ್ಮೇಲೆ ಏರಿಸು."

ಆ ವಾರವೆಲ್ಲ ಭಾವ ಬಟ್ಟೆ ತರಲು ಹೊರಗೆ ಹೋದಾಗ ತಾಲೀಮು ನಡೆಯಿತು. ಅಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು, ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ, ಥೇಟ್ ಗಂಡನ ಹಾಗೆ "ಹಾಕಿದೆ!" ಅಂತ ಗುದ್ದುತ್ತಿದ್ದಳು. ಚಿಕ್ಕಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಕೊನೆಗೆ ಅಭ್ಯಾಸಬಲದಿಂದ "ಬಿಟ್ಟೆ" ಅನ್ನುತ್ತಿದ್ದಳು. ಅಕ್ಕ ಅವಳ ತಲೆಗೆ ಒಂದು ಮೊಟಕುತ್ತಿದ್ದಳು. ಮೊಟಕಿಸಿಕೊಂಡು ಮೊಟಕಿಸಿಕೊಂಡು ಶನಿವಾರದ ಹೊತ್ತಿಗೆ ಚಿಕ್ಕಮ್ಮನ ಬಾಯಲ್ಲಿ 'ಸರಿ' ಎಂಬ ಮಾತು ಹೊರಳತೊಡಗಿತು.

ಭಾನುವಾರ ಬಂತು. ಅಕ್ಕ ಚಿಕ್ಕಮ್ಮನನ್ನು ಕಿಟಕಿಯ ಕಡೆ ಕೂರಿಸಿದಳು, ಭಾವನ ಗಟ್ಟಿ ಕುರ್ಚಿಯನ್ನು ಎದುರುಗಡೆ ಬೀರುವಿನ ಮಗ್ಗುಲಿಗೆ ಎಳೆದಳು. ಇಸ್ತ್ರಿ ಮಾಮ ಸಾಕ್ಷಿ; ಚಹಾ ಹಿಡಿದು ಇನ್ನೊಂದು ಸ್ಟೂಲಿನ ಮೇಲೆ ಕೂತಿದ್ದ. ಎಲೆ ಬೀಳುವ ಮೊದಲೇ ಇಬ್ಬರೂ ಒಂದೊಂದು ಶರ್ಟಿನ ಗುಂಡಿ ನಡುವೆ ಇಟ್ಟರು.

"ಹಾಕಿದೆ!" ಮೇಜು ಅದುರಿತು.

ಚಿಕ್ಕಮ್ಮನ ಹತ್ತಿರ ಎಂಟರ ಜೋಡಿ ಇತ್ತು. ಗಂಟಲು ಸರಿಮಾಡಿಕೊಂಡಳು. "ಸರಿ."

"ಏನಂದೆ?"

"ಸರಿ ಅಂದೆ ಭಾವ."

ಭಾವ ಹೆಂಡತಿಯ ಮುಖ ನೋಡಿದ, ಇಸ್ತ್ರಿ ಮಾಮನ ಮುಖ ನೋಡಿದ. ಪ್ರತಿ ಸುತ್ತಿಗೂ ಗುದ್ದಿದ, ಚಿಕ್ಕಮ್ಮ ಪ್ರತಿ ಸುತ್ತಿಗೂ 'ಸರಿ' ಎಂದಳು. ಕೊನೆಗೆ ಎಲೆ ತೋರಿಸಿದರೆ, ಕೆಟ್ಟ ಗ್ರಹಚಾರ, ಭಾವನ ಹತ್ತಿರ ರಾಜನ ಜೋಡಿ! ಅಂಗಡಿ ತುಂಬ ನಗು ಅವನದು. ಮುಂದಿನ ಆಟದಲ್ಲೂ ಅವನ ಹತ್ತಿರ ನಿಜವಾಗಿಯೇ ಇತ್ತು. ಚಿಕ್ಕಮ್ಮನ ಗುಡ್ಡೆ ಕುಗ್ಗಿತು. ಆ ಗೋಡೆ, ಆ ಮಿಣಮಿಣ ಟ್ಯೂಬ್‌ಲೈಟು, ಕೈಯಲ್ಲಿ ಪೊರಕೆ, ಎಲ್ಲ ಕಣ್ಣ ಮುಂದೆ ಬಂದು ನಿಂತವು. ಅಕ್ಕನ ಮಾತು ಕೇಳಿ ಕೆಟ್ಟೆನಾ ಅನ್ನಿಸಿತು. ಅಕ್ಕ ಮಾತ್ರ ಏನೂ ಆಗದವಳಂತೆ ಎಲೆ ಕಲೆಸುತ್ತಿದ್ದಳು.

ಮೂರನೆಯ ಆಟಕ್ಕೆ ಚಿಕ್ಕಮ್ಮನಿಗೆ ಸಿಕ್ಕಿದ್ದು ನಾಲ್ಕರ ಜೋಡಿ. ಭಾವ ಗುದ್ದಿದ. ನಾಲಿಗೆ ತುದಿಗೆ 'ಬಿಟ್ಟೆ' ಬಂದಿತ್ತು, ನುಂಗಿಕೊಂಡಳು. ಒಂದು ಗುಂಡಿ. ಇನ್ನೊಂದು ಗುಂಡಿ. ಕೋಟಿನ ಗುಂಡಿ ಬಂತು, ಅದನ್ನೂ ಹಾಕಿದಳು. ಎಲೆ ತೋರಿಸುವಾಗ ಭಾವನ ಕೈ ನಿಧಾನವಾಯಿತು. ಅವನ ಹತ್ತಿರ ಒಂದು ಗುಲಾಮ, ಒಂದು ಮೂರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

"ನಾಲ್ಕರ ಜೋಡಿ ಇಟ್ಕೊಂಡು ಇಷ್ಟೊತ್ತು ಕೂತಿದ್ಯಾ? ನಾಚಿಕೆ ಆಗಲ್ವಾ?"

"ಆಗುತ್ತೆ ಭಾವ. ಆದ್ರೆ ನಿಮ್ ಹತ್ರ ಅದೂ ಇರ್ಲಿಲ್ವಲ್ಲ."

ಇಸ್ತ್ರಿ ಮಾಮನಿಗೆ ಚಹಾ ಮೂಗಿಗೆ ಹೋಯಿತು.

ಅಲ್ಲಿಂದ ಮುಂದೆ ಚಿಕ್ಕಮ್ಮನಿಗೆ ಆಟದ ರುಚಿ ಹತ್ತಿತು. ಅಯ್ಯೋ, ಇಷ್ಟೇನಾ ಇದು! ಇಷ್ಟು ವರ್ಷ ಯಾವ ಸದ್ದಿಗೆ ಹೆದರಿ ಎದ್ದುಹೋಗುತ್ತಿದ್ದಳೋ ಆ ಸದ್ದಿನ ಬೆಲೆ ಒಂದು ಗುಂಡಿ. ಭಾವ ಗುದ್ದುತ್ತಾನೆ, ಅವಳು ಸರಿ ಅನ್ನುತ್ತಾಳೆ. ಕೆಲವು ಸಲ ಅವನು ಗೆದ್ದ, ಹೆಚ್ಚು ಸಲ ಅವಳು. ಒಮ್ಮೆಯಂತೂ ನಡುವೆ ಹತ್ತು ತೆರೆದಾಗ ಅವಳ ಕೈಯಲ್ಲಿ ಆಗಲೇ ಎರಡು ಹತ್ತು ಇದ್ದವು. ಮುಖವನ್ನು ಕಾಜ ಹಾಕುವಾಗಿನಷ್ಟೇ ಸಪ್ಪೆ ಮಾಡಿಕೊಂಡು "ಸುಮ್ಮನೆ" ಎಂದಳು.

"ಹಾಕಿದೆ!"

"ಏರಿಸಿದೆ ಭಾವ."

ಚಿಕ್ಕಮ್ಮನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಭಾವನ ಕಿವಿ ಕೆಂಪಾಯಿತು. "ನಾನೂ ಏರಿಸಿದೆ!" ಎಂದು ಗರ್ಜಿಸಿದ. ಅವಳು ಮತ್ತೆ ಏರಿಸಿದಳು. ಭಾವ ಕುರ್ಚಿಯಿಂದ ಎದ್ದೇ ನಿಂತ, ಕೈ ಮೇಲೆತ್ತಿದ.

"ನಾಲ್ಕಾಯ್ತು," ಅಂದಳು ಅಕ್ಕ ತಣ್ಣಗೆ. "ಇನ್ನು ಏರಿಸೋ ಹಾಗಿಲ್ಲ. ಕೂತ್ಕೊಳ್ಳಿ."

ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಭಾವ ಅದರಿಂದಲೇ ತಲೆ ಕೆರೆದುಕೊಂಡು ಕೂತ. ಆ ಗುಡ್ಡೆ ಪೂರ್ತಿ ಚಿಕ್ಕಮ್ಮನ ಕಡೆಗೆ ಬಂತು.

ಶಟರ್ ತೆಗೆಯುವ ಹೊತ್ತು ಹತ್ತಿರವಾಯಿತು. ಇಬ್ಬರ ಮುಂದೆಯೂ ಗುಂಡಿಯ ರಾಶಿ ಹೆಚ್ಚುಕಡಿಮೆ ಒಂದೇ ಎತ್ತರ. "ಇದೇ ಕೊನೇ ಆಟ," ಎಂದು ಅಕ್ಕ ಎಲೆ ಹಂಚಿದಳು. ಇದನ್ನು ಗೆದ್ದವರಿಗೆ ಕಿಟಕಿ; ಎಣಿಸಿ ನೋಡಬೇಕಾದದ್ದೇನೂ ಇರಲಿಲ್ಲ.

ಚಿಕ್ಕಮ್ಮನಿಗೆ ಬಂದದ್ದು ಆಟೀನು ರಾಣಿ ಮತ್ತು ಒಂದು ನಾಲ್ಕು. ಭಾವ ತನ್ನ ಎರಡೆಲೆಯನ್ನು ಮೂಗಿನವರೆಗೆ ತಂದು ನೋಡಿದ, ದೂರ ಹಿಡಿದು ನೋಡಿದ, ಬೋರಲು ಹಾಕಿದ. ಗುಂಡಿ ಹಾಕಿದ, ಗುದ್ದಲಿಲ್ಲ. ಚಿಕ್ಕಮ್ಮ ಸರಿ ಎಂದಳು.

ಅಕ್ಕ ತೆರೆಯುತ್ತ ಕೂಗಿದಳು: "ಇಸ್ಪೇಟು ರಾಜ. ಡೈಮಂಡ್ ರಾಣಿ. ಇಸ್ಪೇಟು ಏಳು."

ರಾಣಿಯ ಜೋಡಿಯಾಯಿತು! "ಸುಮ್ಮನೆ," ಎಂದಳು ಚಿಕ್ಕಮ್ಮ. ಭಾವ ಹಾಕಿದ. ಸರಿ. "ಆಟೀನು ಎರಡು," ಎಂದಳು ಅಕ್ಕ. ಸುಮ್ಮನೆ, ಭಾವ ಕೋಟಿನ ಗುಂಡಿ ಹಾಕಿದ, ಸರಿ. ಕೊನೆಯ ಎಲೆ ತಿರುಗಿತು. "ಇಸ್ಪೇಟು ಹತ್ತು."

ಚಿಕ್ಕಮ್ಮ ನಡುವಿನ ಎಲೆಗಳನ್ನು ಮತ್ತೊಮ್ಮೆ ಎಣಿಸಿದಳು. ಈಗ ನಡುವೆ ಮೂರು ಇಸ್ಪೇಟು. ಭಾವನ ಕೈಯಲ್ಲಿ ಇನ್ನೆರಡು ಇಸ್ಪೇಟು ಇದ್ದರೆ ಐದೂ ಒಂದೇ ಜಾತಿ, ಅದರ ಮುಂದೆ ರಾಣಿಯ ಜೋಡಿ ಯಾವ ಲೆಕ್ಕ? "ಸುಮ್ಮನೆ," ಎಂದಳು. ಭಾವ ಕೋಟಿನ ಗುಂಡಿಯೊಂದನ್ನು ಹೂವಿಟ್ಟ ಹಾಗೆ ನಡುವೆ ಇಟ್ಟ. ಕೂಗಲಿಲ್ಲ. ಅವಳ ಕಡೆ ಬಾಗಿ, ಯಾವತ್ತೂ ಆಡದ ಮೆತ್ತಗಿನ ದನಿಯಲ್ಲಿ ಹೇಳಿದ:

"ನೋಡಮ್ಮ, ಈ ಸಲ ನಿಜವಾಗ್ಲೂ ಇದೆ. ಸುಮ್ನೆ ಯಾಕೆ ಪೂರ್ತಿ ಕಳ್ಕೋತೀಯ? ಈಗ ಬಿಟ್ಬಿಡು. ಬೆಳಗ್ಗೆ ಹೊತ್ತು ಕಿಟಕಿ ನೀನಿಟ್ಕೋ, ಮಧ್ಯಾಹ್ನದಿಂದ ನಂಗೆ. ಮಾತು ಕೊಡ್ತೀನಿ."

ಇದು ಸುಳ್ಳಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದವಳಿಗೆ ಅಷ್ಟು ಗೊತ್ತಾಗದೇ? ಅವನ ಮುಖದಲ್ಲಿ ನಾಟಕವಿರಲಿಲ್ಲ. ಅರ್ಧ ಕಿಟಕಿ ಅಂದರೆ ಅರ್ಧ ಕೆಲಸ, ಅರ್ಧ ಮರ್ಯಾದೆ. ಪೂರ್ತಿ ಹೋಗುವುದಕ್ಕಿಂತ ಅದೇ ವಾಸಿ. ಹಳೆಯ ಚಿಕ್ಕಮ್ಮ ಆಗಲೇ ಎಲೆ ಎಸೆದು, ಮೇಲಿಂದ ಒಂದು ಥ್ಯಾಂಕ್ಸ್ ಹೇಳಿ ಎದ್ದಿರುತ್ತಿದ್ದಳು. ಅಕ್ಕನ ಕಡೆ ನೋಡಿದಳು. ಅಕ್ಕ ಛಾವಣಿ ನೋಡುತ್ತಿದ್ದಳು.

ಬಸ್ಸಿನ ಸೀಟು ನೋಡದೇ ಬಿಟ್ಟಿದ್ದಳು. ಗಂಡನನ್ನೂ ನೋಡದೇ ಬಿಟ್ಟಿದ್ದಳು. ಇದನ್ನಾದರೂ ನೋಡಿ ಸೋಲೋಣ ಅನ್ನಿಸಿತು. ಕೋಟಿನ ಗುಂಡಿ ಎತ್ತಿಕೊಂಡಳು.

"ಸರಿ ಭಾವ. ತೋರಿಸಿ."

"ಹೇಳಿದ್ರೆ ಕೇಳಲ್ಲ!" ಭಾವನ ದನಿ ಮರಳಿ ಬಂತು. ಎಲೆಗಳನ್ನು ಬೀಸಿ ಹೊಡೆದ. "ಇಸ್ಪೇಟು ಎಕ್ಕ! ಇಸ್ಪೇಟು ಆರು! ಐದೂ ಇಸ್ಪೇಟು! ಎತ್ತು ಸ್ಟೂಲು!"

ಇಸ್ತ್ರಿ ಮಾಮ ಬಗ್ಗಿ ನೋಡಿ, ಮತ್ತೆ ಸೊಂಟ ಹಿಡಿದುಕೊಂಡು ನೆಟ್ಟಗಾದ.

"ರೀ," ಎಂದಳು ಅಕ್ಕ. "ಆ ಆರು ಕಳಾವರ."

"ಯಾವುದು?"

"ಅದೇ, ಮೂರು ಎಸಳಿಂದು. ಇಸ್ಪೇಟಲ್ಲ."

ಭಾವ ಎಲೆ ಎತ್ತಿಕೊಂಡ. ಹತ್ತಿರ ತಂದ, ದೂರ ಹಿಡಿದ, ಕೊನೆಗೆ ಕಿಟಕಿಯ ಬೆಳಕಿಗೆ ಚಾಚಿ ನೋಡಿದ. ಎರಡೂ ಕಪ್ಪು, ಆದರೆ ಬೆಳಕಿನಲ್ಲಿ ಮೂರು ಎಸಳು ಸ್ಪಷ್ಟವಾಗಿ ಕಂಡವು. ಅವನ ಹತ್ತಿರ ಇದ್ದದ್ದು ಬರೀ ಒಂಟಿ ಎಕ್ಕ. "ಹೆ ಹೆ," ಎಂದ. "ಸುಮ್ನೆ ಹೆದರಿಸಿದ್ದೆ ಕಣಯ್ಯಾ."

ಯಾರಿಗೂ ನಗು ಬರಲಿಲ್ಲ. ಚಿಕ್ಕಮ್ಮನಿಗೆ ರಾಣಿಯ ಜೋಡಿ ಮರೆತೇಹೋಯಿತು. ಹೋದ ತಿಂಗಳು ಭಾವ ಕಪ್ಪು ಕೋಟಿನ ತೋಳನ್ನು ಸೀಮೆಸುಣ್ಣದ ಗೀಟು ಬಿಟ್ಟು ಕತ್ತರಿಸಿ, ಬಟ್ಟೆಯೇ ಸರಿಯಿಲ್ಲ ಎಂದು ಬಟ್ಟೆ ಅಂಗಡಿಯವನ ಜೊತೆ ಜಗಳ ಆಡಿದ್ದ. ಅದಕ್ಕೂ ಮುಂಚೆ ಒಂದು ಪ್ಯಾಂಟು. ಈ ವರ್ಷವಿಡೀ 'ಸುಮ್ನೆ ಹೆದರಿಸಿದ್ದೆ' ಅಂದ ಆಟಗಳಲ್ಲಿ ಎಷ್ಟು ಹೆದರಿಸಿದ್ದು, ಎಷ್ಟು ಕಾಣದೇ ಹೋದದ್ದು? ಅಕ್ಕ ಎಲೆಗಳನ್ನು ಕೂಗಿ ಕೂಗಿ ಹೇಳಲು ಶುರುಮಾಡಿದ್ದೂ ಈ ವರ್ಷವೇ. ಚಿಕ್ಕಮ್ಮ ತಟ್ಟನೆ ಅಕ್ಕನನ್ನು ನೋಡಿದಳು. ಅಕ್ಕ ಗುಂಡಿಗಳನ್ನು ಡಬ್ಬಿಗೆ ತುಂಬುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಕಳ್ಳಿ! ಎಲ್ಲ ಗೊತ್ತಿದ್ದೇ ಇಬ್ಬರನ್ನೂ ಆಟಕ್ಕೆ ಕೂರಿಸಿದ್ದಾಳೆ.

"ಭಾವ, ನಿಮಗೆ ಕಣ್ಣು ಕಾಣ್ತಾ ಇಲ್ಲ," ಎಂದಳು ಚಿಕ್ಕಮ್ಮ.

"ಯಾರಿಗೆ? ನಂಗಾ? ಆ ತಿರುವಲ್ಲಿ ಬರೋ ಬಸ್ಸಿನ ಬೋರ್ಡ್ ಇಲ್ಲಿಂದಲೇ ಓದ್ತೀನಿ!"

ಮೊದಲಾದರೆ ಇಲ್ಲಿಗೆ ಬಿಟ್ಟುಬಿಡುತ್ತಿದ್ದಳು. ಈಗ ಅವಳು ಸೂಜಿ ಡಬ್ಬಿ ತೆರೆದಳು. ಕೋಟಿನ ಸೂಜಿ ಒಂದು, ಕಪ್ಪು ದಾರ ಒಂದೆಳೆ ತೆಗೆದು ಭಾವನ ಮುಂದೆ ಇಟ್ಟಳು.

"ಬಸ್ಸು ಬೇಡ. ಇದನ್ನು ಪೋಣಿಸಿ ತೋರಿಸಿ."

"ಕಟಿಂಗ್ ಮಾಸ್ಟರ್ ಸೂಜಿ ಮುಟ್ಟಲ್ಲ!"

"ಇವತ್ತೊಂದು ದಿನ ಮುಟ್ಟಿ."

ಭಾವ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಪೋಣಿಸಲು ಹೊರಟ. ದಾರ ಸೂಜಿಯ ಆಚೆ ಹೋಯಿತು. "ದಾರ ಸರಿ ಇಲ್ಲ," ಎಂದ. ಚಿಕ್ಕಮ್ಮ ಬೇರೆ ದಾರ ಕೊಟ್ಟಳು. ಈಚೆ ಬಂತು. "ಸೂಜಿ ತುಕ್ಕು ಹಿಡಿದಿದೆ!" ಬೇರೆ ಸೂಜಿ ಕೊಟ್ಟಳು. "ಈ ಬೀರು ಪಕ್ಕ ಬೆಳಕೇ ಬರಲ್ಲ!" ಚಿಕ್ಕಮ್ಮ ಎದ್ದು, ಅವನ ತೋಳು ಹಿಡಿದು, ಕಿಟಕಿಯ ಹತ್ತಿರ ತನ್ನ ಸ್ಟೂಲಿನ ಮೇಲೆ ಕೂರಿಸಿದಳು. ಮಧ್ಯಾಹ್ನದ ಬಿಸಿಲು ಅವನ ಕೈಮೇಲೆ ಬಿತ್ತು. ದಾರ ಮತ್ತೆ ಸೂಜಿಯ ಆಚೆ ಹೋದದ್ದು ಎಲ್ಲರಿಗೂ ಕಾಣಿಸಿತು.

"ಫ್ಯಾನು! ಫ್ಯಾನ್ ಗಾಳಿಗೆ ದಾರ ಹಾರ್ತಿದೆ!"

"ನಾಲ್ಕಾಯ್ತು ರೀ," ಎಂದಳು ಅಕ್ಕ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಇನ್ನು ಏರಿಸೋ ಹಾಗಿಲ್ಲ."

ಭಾವ ಸೂಜಿಯನ್ನೇ ನೋಡುತ್ತ ಕೂತ. ಬೀದಿಯಲ್ಲಿ ಬಸ್ಸೊಂದು ಹೋಯಿತು, ಅದರ ಬೋರ್ಡನ್ನು ಅವನು ಓದಲಿಲ್ಲ. ಕತ್ತರಿ ಹಿಡಿಯುವವನಿಗೆ ಗೀಟು ಕಾಣದು ಅಂತ ಬೀದಿಗೆ ಗೊತ್ತಾದರೆ ಏನು ಉಳಿಯುತ್ತದೆ ಅನ್ನುವ ಭಯ ಅವನ ಮುಖದಲ್ಲಿತ್ತು. ಆ ಭಯ ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತು. ಹೋದ ಸೋಮವಾರದಿಂದ ಅವಳೂ ಅದನ್ನೇ ಹೊತ್ತು ತಿರುಗಿದ್ದಳು.

ಭಾವ ಸೂಜಿ ದಾರ ಎರಡನ್ನೂ ಅವಳ ಅಂಗೈಯಲ್ಲಿಟ್ಟ.

"ಬಿಟ್ಟೆ," ಎಂದ.

ಇಸ್ತ್ರಿ ಮಾಮ ಕಿವಿಗೆ ಬೆರಳು ಹಾಕಿ ತಿರುವಿ ನೋಡಿಕೊಂಡ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಚಿಕ್ಕಮ್ಮ ನಿಂತಲ್ಲೇ ಸೂಜಿ ಪೋಣಿಸಿ, ಕುಬುಸದ ಅಂಚಿಗೆ ಚುಚ್ಚಿಕೊಂಡಳು.

"ಗೆದ್ದವರ ಮಾತೇ ಕೊನೆ ತಾನೇ? ಕೇಳಿ. ನಾಳೆ ಬೆಳಗ್ಗೆ ಅಕ್ಕನ ಜೊತೆ ಕನ್ನಡಕದ ಅಂಗಡಿಗೆ ಹೋಗ್ಬೇಕು. ಕನ್ನಡಕ ಬರೋ ತನಕ ಈ ಕಿಟಕೀಲಿ ನೀವೇ ಕತ್ತರಿಸಿ, ನಾನು ಬಿಳಿ ಅಂಗಿ ಕಾಜ ಹಾಕ್ತಾ ಪಕ್ಕದಲ್ಲಿರ್ತೀನಿ. ಬಂದ್ಮೇಲೆ ಕಿಟಕಿ ನಂಗೆ ವಾಪಸ್."

ಭಾವ ತಲೆಯಾಡಿಸಿದ.

"ಅಂದ ಹಾಗೆ, ಹಿಂದಿನ ಬೀದಿ ಮಿಷನ್ ಕಾಜದವನು ಏನಂದ?"

"ಯಾವ ಮಿಷನ್ನು?" ಎಂದ ಭಾವ. ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಅಕ್ಕ ಶಟರನ್ನು ಗಡಗಡ ಮೇಲೆತ್ತಿದಳು. ಬೆಳಕು ಒಳಗೆ ನುಗ್ಗಿತು. ಸ್ಟೂಲಿನ ಮೇಲಿಂದ ಏಳುವಾಗ ಭಾವನಿಗೆ ಜೀವ ಬಂತು, ಎದೆ ಉಬ್ಬಿತು.

"ಕನ್ನಡಕ ಬರ್ಲಿ, ಆಮೇಲೆ ನೋಡೋಣ ಕಿಟಕಿ ಯಾರದು ಅಂತ!"

"ಸರಿ ಭಾವ," ಎಂದಳು ಚಿಕ್ಕಮ್ಮ, ಎಲೆ ಕಲೆಸುತ್ತ.